ಕಲ್ಲು ಹಿಡಿದ ಪಾಚಿ: ನಂಜನಗೂಡಿನಿಂದ ತಿರುಮಕೂಡಲಿನವರೆಗೆ

ನಂಜನಗೂಡಿನ ಸ್ನಾನಘಟ್ಟದಲ್ಲಿ ನೀರಿಗಿಳಿಯುವ ಮಕ್ಕಳಿಗೆ ಹಿರಿಯರು ಕೂಗಿ ಹೇಳುವ ಮಾತು ‘ಹುಷಾರು, ಮೆಟ್ಟಿಲು ಪಾಚಿ ಹಿಡಿದಿದೆ’ ಎಂಬುದು. ತಿರುಮಕೂಡಲಿನ ಸಂಗಮದಲ್ಲೂ ಇದೇ ಮಾತು. ಎಚ್ಚರಿಕೆ ಸರಿಯಾದದ್ದೇ. ಹೊಳೆಯ ಮೆಟ್ಟಿಲಲ್ಲಿ ಜಾರಿದರೆ ಮಂಡಿ ತರಚುವುದರಲ್ಲೇ ಮುಗಿಯುವುದಿಲ್ಲ, ಮುಂದಿನ ಹೆಜ್ಜೆ ಆಳಕ್ಕೆ. ಹಾಗಾಗಿ ಆ ಜಾರನ್ನು ಕೊಳೆ ಎಂದೇ ಬಗೆದಿದ್ದೇವೆ. ಜಾತ್ರೆ ಹತ್ತಿರ ಬಂದರೆ ಉಜ್ಜಿಸುತ್ತೇವೆ, ಸುಣ್ಣವೋ ಬ್ಲೀಚಿಂಗ್ ಪುಡಿಯೋ ಎರಚುತ್ತೇವೆ, ಆಮೇಲೆ ಮರೆಯುತ್ತೇವೆ. ಆದರೆ ತಳ ಕಾಣುವಷ್ಟು ತೆಳುವಾಗಿ, ಕಲ್ಲುಗಳ ಮೇಲೆ ಹರಿಯುವ ಹೊಳೆಯಲ್ಲಿ ಸೂಕ್ಷ್ಮಜೀವಿಗಳ ಬಹುಪಾಲು ಬದುಕು ನಡೆಯುವುದು ನೀರಿನಲ್ಲಲ್ಲ, ಕಲ್ಲು, ಮರಳು, ಬೇರು, ಜೊಂಡಿನ ದಂಟುಗಳಿಗೆ ಅಂಟಿಕೊಂಡ ಈ ಪೊರೆಯಲ್ಲಿ. ಹೊಳೆಯ ಆಹಾರ ಅಲ್ಲಿ ತಯಾರಾಗುತ್ತದೆ, ಹೊಳೆಗೆ ಸೇರಿದ ಕೊಳೆಯ ಒಂದು ಪಾಲು ಅಲ್ಲಿ ಕರಗುತ್ತದೆ. ಆ ಹೊಳೆಗೆ ಕಳೆದ ಕೆಲವು ವಾರಗಳಲ್ಲಿ ಏನಾಯಿತು ಎಂಬುದರ ದಾಖಲೆ ಕೂಡ ಅಲ್ಲೇ ಉಳಿಯುತ್ತದೆ. ಈ ಪೊರೆಯ ಬಗ್ಗೆ ಲೋಕಕ್ಕೆ ಏನೇನು ತಿಳಿದಿದೆ, ಕಪಿಲೆ ಕಾವೇರಿಯ ಈ ಹರವಿನಲ್ಲಿ ಅದನ್ನು ಎಷ್ಟರ ಮಟ್ಟಿಗೆ ಓದಿದ್ದೇವೆ ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ಹರವಿನ ಪರಿಚಯ. ವಯನಾಡಿನಲ್ಲಿ ಹುಟ್ಟುವ ಕಬಿನಿ, ನಮ್ಮವರ ಬಾಯಲ್ಲಿ ಕಪಿಲೆ, ಎಚ್.ಡಿ. ಕೋಟೆ ಸೀಮೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟಿಗೆ ಸಿಕ್ಕುತ್ತಾಳೆ. ಅಲ್ಲಿಂದ ಬಿಟ್ಟಷ್ಟು ನೀರು, ದಾರಿಯಲ್ಲಿ ನುಗು ಹೊಳೆ ಸೇರಿಸಿದಷ್ಟು ನೀರು ಹುಲ್ಲಹಳ್ಳಿಯ ಹಳೆಯ ಅಣೆಕಟ್ಟೆಯನ್ನು ದಾಟಿ ನಂಜನಗೂಡಿಗೆ ಬರುತ್ತದೆ. ಊರಿನ ಬಳಿ ಗುಂಡ್ಲುಹೊಳೆ, ಅಂದರೆ ಕೌಂಡಿನ್ಯ, ಬಂದು ಕೂಡುತ್ತದೆ. ಮುಂದೆ ಕಬ್ಬು, ಭತ್ತದ ಗದ್ದೆಗಳ ನಡುವೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಕಾವೇರಿಗೆ ಸೇರುತ್ತಾಳೆ. ಕೃಷ್ಣರಾಜಸಾಗರದಿಂದ ಬರುವ ಕಾವೇರಿ ಶ್ರೀರಂಗಪಟ್ಟಣವನ್ನು ಬಳಸಿ, ತನ್ನದೇ ಗದ್ದೆ ಬಯಲುಗಳ ಬಸಿನೀರನ್ನು ಹೊತ್ತು ಬರುತ್ತಾಳೆ. ಒಂದೇ ಊರಿನ ಎರಡು ಬದಿಯಲ್ಲಿ ಎರಡು ಬೇರೆ ಬೇರೆ ನೀರು. ಕೂಡಿದ ಮೇಲೆ ಮರಳಿನ ಹಾಸು, ಮುಂದೆ ತಲಕಾಡು. ಇನ್ನೂ ಕೆಳಗೆ ಶಿವ ಅಣೆಕಟ್ಟೆಯಿಂದ ತೊರೆಕಾಡನಹಳ್ಳಿಗೆ, ಅಲ್ಲಿಂದ ಬೆಂಗಳೂರಿನ ನಲ್ಲಿಗಳಿಗೆ. ಕಾವೇರಿ ಯೋಜನೆಯ ಮೊದಲ ಹಂತ 1974ರಲ್ಲಿ, 775 ದಶಲಕ್ಷ ಲೀಟರಿನ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ರಾಜಧಾನಿ ಕುಡಿಯುವ ಕಾವೇರಿ ನೀರು ನರಸೀಪುರದ ಕಲ್ಲುಗಳನ್ನು ಸವರಿಯೇ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಓದಬೇಕು.

ಪೊರೆ ಹುಟ್ಟುವ ಬಗೆ ಬಲು ಕ್ರಮಬದ್ಧ. ಹೊಸ ಕಲ್ಲೊಂದು ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ, ನೀರಿನಲ್ಲಿ ಕರಗಿರುವ ಸಾವಯವ ಕಣಗಳು ಅದರ ಮೈಗೆ ಕಣ್ಣಿಗೆ ಕಾಣದ ಲೇಪವಾಗಿ ಕೂರುತ್ತವೆ. ಗಂಟೆಗಳೊಳಗೆ ಬ್ಯಾಕ್ಟೀರಿಯಾ ಬಂದು ಆ ಲೇಪಕ್ಕೆ ತಗುಲಿಕೊಳ್ಳುತ್ತವೆ. ಮೊದಲು ಸಡಿಲವಾಗಿ, ಆಮೇಲೆ ತಾವೇ ಸ್ರವಿಸುವ ಅಂಟಿನ ಬಲದಲ್ಲಿ ಗಟ್ಟಿಯಾಗಿ. ಸಕ್ಕರೆಯ ಸರಪಳಿ, ಪ್ರೋಟೀನು, ಸತ್ತ ಕೋಶಗಳ ಡಿಎನ್‌ಎ ಇವೆಲ್ಲ ಕೂಡಿದ ಆ ಅಂಟೇ ನಮ್ಮ ಕಾಲಿಗೆ ಸಿಗುವ ಜಾರು. ದಿನಗಳು ಕಳೆದಂತೆ ಡಯಾಟಮ್‌ಗಳು ಬರುತ್ತವೆ. ಇವು ಗಾಜಿನ ಕವಚ ತೊಟ್ಟ ಒಂಟಿಕೋಶದ ಪಾಚಿಗಳು. ಆ ಕವಚಕ್ಕೆ ಬೇಕಾದ ಸಿಲಿಕಾ ನಮ್ಮ ಸೀಮೆಯ ಪುರಾತನ ನೈಸ್ ಬಂಡೆಗಳು ಸವೆದು ನೀರಿಗೆ ಸೇರಿದ್ದು. ಕೊಕ್ಕೊನೀಸ್‌ನಂಥವು ಕಲ್ಲಿಗೆ ಬೆನ್ನು ಹಚ್ಚಿ ಅಂಟಿ ಮಲಗುತ್ತವೆ. ಗೊಂಫೊನೀಮ, ಸಿಂಬೆಲ್ಲಾಗಳು ಅಂಟಿನ ಕಾಂಡ ಬೆಳೆಸಿ ಅದರ ತುದಿಯಲ್ಲಿ ನಿಲ್ಲುತ್ತವೆ. ವಾರಗಳು ಉರುಳಿ, ನೀರು ಶಾಂತವಾಗಿದ್ದು ಬಿಸಿಲು ಸಿಕ್ಕರೆ ಕ್ಲಾಡೊಫೊರ, ಈಡೊಗೋನಿಯಂ, ಸ್ಟೈಜಿಯೊಕ್ಲೋನಿಯಂಗಳ ಹಸಿರು ಎಳೆಗಳು ಎದ್ದು ಹೊಳೆಯೊಂದಿಗೆ ಬಳುಕತೊಡಗುತ್ತವೆ. ಆ ಎಳೆಗಳ ಮೈಮೇಲೆ ಮತ್ತೆ ಹೊಸ ಡಯಾಟಮ್, ಹೊಸ ಬ್ಯಾಕ್ಟೀರಿಯಾ.

ಜನವರಿಯ ಒಂದು ನಡುಮಧ್ಯಾಹ್ನ, ಹೊಳೆ ಇಳಿದು ಮೊಣಕಾಲುದ್ದ ನೀರಿರುವ ಕಡೆ, ಇಂಥ ಅಂಗೈಯಗಲದ ಒಂದು ಕಲ್ಲನ್ನು ಎತ್ತಿ ನೋಡಿ. ಬಿಸಿಲು ಬಿದ್ದ ಮೇಲುಬದಿ ಹೊಂಬಣ್ಣದ ಕಂದು, ಅದು ಡಯಾಟಮ್‌ಗಳ ಬಣ್ಣ. ನೀರು ಸೆಳೆಯುವ ಅಂಚಿನಲ್ಲಿ ಬೆರಳುದ್ದದ ಹಸಿರು ಕೂದಲು. ಎತ್ತುವ ಮೊದಲು ಕಣ್ಣಿಟ್ಟು ನೋಡಿದ್ದರೆ ಪೊರೆಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಕುಳಿತಿರುತ್ತವೆ. ಪಾಚಿ ಆಗಷ್ಟೇ ಬಿಟ್ಟ ಆಮ್ಲಜನಕ ಅದು. ಕೆಳಬದಿಯಲ್ಲಿ ಬೆಳಕಿಲ್ಲ, ಪಾಚಿಯಿಲ್ಲ. ಹೂಳು ಮತ್ತು ಬ್ಯಾಕ್ಟೀರಿಯಾ ಕೂಡಿದ ಬೂದು ಲೇಪ. ಕಲ್ಲನ್ನು ಮಗುಚಿದ ಕೂಡಲೇ ಚಪ್ಪಟೆ ಮೈಯ ಹುಳುವೊಂದು ಬಾಲದ ಎಳೆಗಳನ್ನು ಎಳೆದುಕೊಂಡು ಸರಸರನೆ ನೆರಳಿಗೆ ಓಡಿದರೆ ಅದು ಮೇಫ್ಲೈ ಮರಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೇಲುಬದಿಯನ್ನು ತಟ್ಟೆಯೊಂದಕ್ಕೆ ಉಜ್ಜಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ನಾವಿಕುಲಗಳು ದೋಣಿಯಂತಹ ಮೈ ಹೊತ್ತು ಹಿಂದಕ್ಕೂ ಮುಂದಕ್ಕೂ ಜಾರುವುದು ಕಾಣುತ್ತದೆ. ಕೊಳೆ ಹೆಚ್ಚಿರುವ ಜಾಗದ ಹನಿಯಾದರೆ ಆಸಿಲಟೋರಿಯಾದ ನೀಲಿ ಹಸಿರು ದಾರಗಳು ನಿಧಾನವಾಗಿ ಅತ್ತಿತ್ತ ತೂಗುತ್ತಿರುತ್ತವೆ. ಪದವಿ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಸಿದ್ಧ ಸ್ಲೈಡೂ ಕೊಡಲಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಪೊರೆಯೊಳಗೆ ಪಾಚಿ ಬ್ಯಾಕ್ಟೀರಿಯಾಗಳ ನಡುವೆ ನಡೆಯುವ ಕೊಡುಕೊಳ್ಳುವಿಕೆಯೇ ಇಡೀ ವಿಷಯದ ತಿರುಳು. ಬೆಳಕಿನಲ್ಲಿ ಪಾಚಿ ಇಂಗಾಲವನ್ನು ಸಕ್ಕರೆಯಾಗಿಸುತ್ತದೆ, ಅದರ ಒಂದು ಭಾಗವನ್ನು ಹೊರಕ್ಕೆ ಸೋರಿಸುತ್ತದೆ. ಬ್ಯಾಕ್ಟೀರಿಯಾ ಅದನ್ನು ಉಂಡು ಇಂಗಾಲದ ಡೈಆಕ್ಸೈಡನ್ನೂ ಖನಿಜಗಳನ್ನೂ ಪಾಚಿಗೆ ಮರಳಿಸುತ್ತವೆ. ಇನ್ನೂ ಒಂದು ಋಣವಿದೆ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಪರಿಶೀಲಿಸಿದ 326 ಪಾಚಿ ಪ್ರಭೇದಗಳಲ್ಲಿ 171ಕ್ಕೆ ವಿಟಮಿನ್ ಬಿ12 ಹೊರಗಿನಿಂದಲೇ ಸಿಗಬೇಕು, ಅದನ್ನು ಒದಗಿಸುವುದು ಬ್ಯಾಕ್ಟೀರಿಯಾ ಎಂದು ತೋರಿಸಿತು. ಅರ್ಧಕ್ಕಿಂತ ಹೆಚ್ಚು ಪಾಚಿಗಳು ನೆರೆಯವರಿಲ್ಲದೆ ಬದುಕಲಾರವು. ಮಿಲಿಮೀಟರು ದಪ್ಪವೂ ಇಲ್ಲದ ಪೊರೆಯಲ್ಲಿ ಮೇಲಿನ ಪದರ ಹಗಲಿನಲ್ಲಿ ಆಮ್ಲಜನಕದಿಂದ ತುಂಬಿ ತುಳುಕುತ್ತದೆ. ತಳದಲ್ಲಿ ಅದೇ ಹೊತ್ತಿಗೆ ಆಮ್ಲಜನಕವೇ ಇರದಿರಬಹುದು. ಆ ಉಸಿರಿಲ್ಲದ ತಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ನಂಜನಗೂಡು, ನರಸೀಪುರ ತಾಲ್ಲೂಕುಗಳ ಗದ್ದೆಗಳಿಂದ ಯೂರಿಯಾದ ಪಾಲು ಬಸಿದು ಹೊಳೆಗೆ ಬರುತ್ತದಲ್ಲ, ಅದರಲ್ಲಿ ಒಂದಷ್ಟನ್ನು ಕೇಳದೆಯೇ ತೆಗೆದುಹಾಕುವ ಕೆಲಸ ಇದು. ರಾತ್ರಿ ಲೆಕ್ಕ ತಿರುಗುತ್ತದೆ. ಬೆಳಕಿಲ್ಲದಾಗ ಪಾಚಿಯೂ ಉಸಿರಾಡುವ ಜೀವಿಯೇ. ಹಸಿರು ಅತಿಯಾಗಿ ಬೆಳೆದ, ನೀರು ನಿಂತ ಮಡುವಿನಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ಕುಸಿಯುತ್ತದೆ. ಬೇಸಿಗೆಯಲ್ಲಿ ಮೀನುಗಳು ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡುವುದಕ್ಕೆ ಇದೂ ಒಂದು ಕಾರಣ. ಮಧ್ಯಾಹ್ನ 12ಕ್ಕೆ ಹಿಡಿದ ನೀರಿನ ಮಾದರಿಯಲ್ಲಿ ಇದು ಸಿಗುವುದಿಲ್ಲ.

ಇದನ್ನು ತಿಂದು ಬದುಕುವವರ ಸಾಲು ದೊಡ್ಡದು. ಬಸವನಹುಳುಗಳು, ಮೇಫ್ಲೈ ಮತ್ತು ಕ್ಯಾಡಿಸ್ ಹುಳುವಿನ ಮರಿಗಳು, ಗೊದಮೊಟ್ಟೆಗಳು ಕಲ್ಲನ್ನು ಕೆರೆಯುತ್ತವೆ. ಗಾರಾ ಜಾತಿಯ ಮೀನುಗಳು ಬಾಯಿಯ ಕೆಳಗಿನ ತಟ್ಟೆಯಿಂದ ಬಂಡೆ ಕಚ್ಚಿ ಹಿಡಿದು, ಸೆಳವಿನಲ್ಲೇ ನಿಂತು ಮೇಯುತ್ತವೆ. ಲೇಬಿಯೋ ಬಳಗದ ಮೀನುಗಳೂ ಈ ಹಂತಿಯವೇ. ಅವನ್ನು ದೊಡ್ಡ ಮೀನು, ಆ ಮೀನನ್ನು ನೀರುನಾಯಿ ಮತ್ತು ಬಲೆಗಾರ ಹಿಡಿಯುತ್ತಾರೆ. ಹೊಳೆದಂಡೆಯಲ್ಲಿ ಹೊಳೆಮತ್ತಿಯ ನೆರಳು ದಟ್ಟವಾಗಿದ್ದ ಕಾಲದಲ್ಲಿ ಉದುರಿದ ಎಲೆಯೂ ಆಹಾರವಾಗುತ್ತಿತ್ತು. ದಂಡೆ ಬೋಳಾದಷ್ಟೂ ಬಿಸಿಲು ಹೆಚ್ಚಿ, ಭಾರವೆಲ್ಲ ಕಲ್ಲಿನ ಪಾಚಿಯ ಮೇಲೆ ಬೀಳುತ್ತದೆ.

ಪ್ರವಾಹದ ಮಾತು ಬರಲೇಬೇಕು. ಬೀಚನಹಳ್ಳಿಯಿಂದ ಹೊರಹರಿವು ಏರಿದರೆ ನಂಜನಗೂಡಿನ ಹದಿನಾರುಕಾಲು ಮಂಟಪ ಮುಳುಗುತ್ತದೆ. 2018, 2019ರ ಆಗಸ್ಟಿನಲ್ಲಿ, 2024ರ ಜುಲೈಯಲ್ಲಿ ಪತ್ರಿಕೆಗಳ ತುಂಬ ಆ ಚಿತ್ರ. ನೀರಿನಡಿ ಅದೇ ಹೊತ್ತಿಗೆ ಕಲ್ಲುಗಳು ಉರುಳಿ, ಮರಳು ಉಜ್ಜಿ, ಪೊರೆಯೆಲ್ಲ ಕಿತ್ತುಹೋಗುತ್ತದೆ. ಹೊಳೆ ಇಳಿದ ಎರಡು ನಾಲ್ಕು ವಾರಗಳಲ್ಲಿ ಹೊಸ ಪೊರೆ ಕಟ್ಟುತ್ತದೆ. ಇದು ಹಾನಿಯಲ್ಲ, ಹೊಳೆಯ ವಾರ್ಷಿಕ ಶುದ್ಧಿ. ಹಳೆಯದು ಕೊಚ್ಚಿಹೋಗದಿದ್ದರೆ ಎಳೆಪಾಚಿ ಕೊಳೆತು ನಾರುತ್ತದೆ. ತೊಂದರೆ ಅಣೆಕಟ್ಟಿನ ದಿನನಿತ್ಯದ ಏರಿಳಿತದಿಂದ. ಬಿಟ್ಟ ನೀರು ಥಟ್ಟನೆ ಇಳಿದರೆ ಅಂಚಿನ ಕಲ್ಲುಗಳು ಬಿಸಿಲಿಗೆ ಬಿದ್ದು, ಪೊರೆ ಒಣಗಿ ಬಿಳಿಚಿ ಕಾಗದದಂತೆ ಏಳುತ್ತದೆ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮ ಸಂಗತಿ: ಜಲಾಶಯದ ನಿಂತ ನೀರಿನಲ್ಲೇ ಡಯಾಟಮ್‌ಗಳು ಸಿಲಿಕಾವನ್ನು ಬಳಸಿ ಸತ್ತು ತಳ ಸೇರಿದರೆ, ಕೆಳಗಿನ ಹೊಳೆಗೆ ಸಿಲಿಕಾ ಕಡಿಮೆಯಾಗುತ್ತದೆ. ಡ್ಯಾನ್ಯೂಬ್ ನದಿಯ ಐರನ್ ಗೇಟ್ಸ್ ಅಣೆಕಟ್ಟಿನಿಂದ ಕಪ್ಪು ಸಮುದ್ರದವರೆಗೂ ಇದರ ಪರಿಣಾಮ ಹೋಗಿದ್ದನ್ನು 1997ರಲ್ಲಿ ತೋರಿಸಿದರು. ಬೀಚನಹಳ್ಳಿ, ನುಗು, ಕೃಷ್ಣರಾಜಸಾಗರ ಮೂರೂ ಕಟ್ಟೆಗಳ ಕೆಳಗೆ ಇರುವ ನರಸೀಪುರದಲ್ಲಿ ಡಯಾಟಮ್ ಮತ್ತು ಹಸಿರು ಪಾಚಿಯ ಪಾಲು ಹೇಗಿದೆ ಎಂಬುದು ಅಳೆಯಲೇಬೇಕಾದ ಪ್ರಶ್ನೆ.

ಪೊರೆಯನ್ನು ಓದಿ ಹೊಳೆಯ ಆರೋಗ್ಯ ಹೇಳುವ ವಿದ್ಯೆಗೆ ನೂರು ವರ್ಷ ದಾಟಿದೆ. ಜರ್ಮನಿಯ ಕೋಲ್ಕ್‌ವಿಟ್ಜ್ ಮತ್ತು ಮಾರ್ಸನ್ 1900ರ ದಶಕದಲ್ಲೇ, ಚರಂಡಿ ನೀರು ಸೇರಿದ ಜಾಗದಿಂದ ಕೆಳಕ್ಕೆ ಹೋದಂತೆ ಜೀವಿಗಳ ಬಳಗ ಹೇಗೆ ಬದಲಾಗುತ್ತದೆ ಎಂದು ವಲಯ ಗುರುತಿಸಿದರು. ಅಮೆರಿಕದ ರೂತ್ ಪ್ಯಾಟ್ರಿಕ್ 1940ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯದ ಹೊಳೆಗಳಲ್ಲಿ ಕೆಲಸ ಮಾಡಿ, ಒಂದೆರಡು ಜಾತಿ ಹುಡುಕುವುದಕ್ಕಿಂತ ಇಡೀ ಬಳಗದ ವೈವಿಧ್ಯ ನೋಡಬೇಕು ಎಂಬ ಮಾತನ್ನು ನೆಲೆಗೊಳಿಸಿದರು. ಗಾಜಿನ ಪಟ್ಟಿಗಳನ್ನು ನೀರಿನಲ್ಲಿ ತೇಲಿಬಿಟ್ಟು ಡಯಾಟಮ್ ಹಿಡಿಯುವ ಸಾಧನವೂ ಅವರದೇ. ನಮ್ಮ ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1969ರ ಪಾಮರ್ ಸೂಚ್ಯಂಕ. 165 ಲೇಖಕರ ವರದಿಗಳನ್ನು ಒಟ್ಟುಮಾಡಿ, ಸಾವಯವ ಕೊಳೆ ತಾಳುವ 20 ಪಾಚಿ ಕುಲಗಳಿಗೆ ಪಾಮರ್ ಅಂಕ ಕೊಟ್ಟರು: ಯೂಗ್ಲಿನಾಗೆ 5, ನಿಟ್ಸ್‌ಷಿಯಾ ಮತ್ತು ನಾವಿಕುಲಕ್ಕೆ 3, ಗೊಂಫೊನೀಮಕ್ಕೆ 1. ಒಟ್ಟು 20 ಮುಟ್ಟಿದರೆ ಅಥವಾ ದಾಟಿದರೆ ಕೊಳೆ ಹೆಚ್ಚು. ಸುಲಭ, ಅಗ್ಗ, ಆದರೆ ಒರಟು. ಒಂದೇ ಕುಲದೊಳಗೆ ತಿಳಿನೀರು ಬೇಡುವ ಪ್ರಭೇದವೂ ಚರಂಡಿ ಬಾಯಲ್ಲಿ ಬೆಳೆಯುವ ಪ್ರಭೇದವೂ ಇರುತ್ತವೆ. ಯೂರೋಪಿನಲ್ಲಿ ಆಮೇಲೆ ಬಂದ ಡಯಾಟಮ್ ಸೂಚ್ಯಂಕಗಳು ಪ್ರಭೇದ ಮಟ್ಟಕ್ಕೆ ಇಳಿದವು. ಅಲ್ಲಿನ 2000ದ ನೀರಿನ ಕಾನೂನು ಕಲ್ಲಿನ ಪಾಚಿಯನ್ನು ನದಿ ಪರೀಕ್ಷೆಯ ಅಂಗವಾಗಿಯೇ ಮಾಡಿತು. ವಿಧಾನ ಇಷ್ಟು: ಉಜ್ಜಿ ತಂದ ಪೊರೆಯನ್ನು ಆಮ್ಲ ಅಥವಾ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕಾಯಿಸಿದರೆ ಸಾವಯವವೆಲ್ಲ ಸುಟ್ಟು ಗಾಜಿನ ಕವಚ ಉಳಿಯುತ್ತದೆ, ಅದರಲ್ಲಿ ಮುನ್ನೂರು ನಾನೂರು ಕವಚಗಳನ್ನು ಎಣಿಸಿ ಯಾವುದು ಎಷ್ಟು ಎಂದು ಬರೆಯುವುದು. ನಿಟ್ಸ್‌ಷಿಯಾ ಪೇಲಿಯಾ, ಗೊಂಫೊನೀಮ ಪಾರ್ವುಲಂ ತುಂಬಿದ್ದರೆ ಕೊಳೆಯ ಗುರುತು. ಭಾರಲೋಹಗಳಿದ್ದ ನೀರಿನಲ್ಲಿ ಕವಚಗಳೇ ಸೊಟ್ಟಗಾಗುತ್ತವೆ. ಆ ಸ್ಲೈಡನ್ನು ಐವತ್ತು ವರ್ಷ ಇಟ್ಟರೂ ಕೆಡುವುದಿಲ್ಲ ಎಂಬುದೇ ನನಗೆ ಈ ವಿಧಾನದ ಅತಿ ದೊಡ್ಡ ಗುಣವಾಗಿ ಕಾಣುತ್ತದೆ. ನೀರಿನ ಬಾಟಲಿಗೆ ಆ ಆಯಸ್ಸಿಲ್ಲ.

ನಮ್ಮಲ್ಲಿ ಕೆಲಸವಾಗಿಲ್ಲ ಎಂದರೆ ಅನ್ಯಾಯ. ಎಚ್.ಪಿ. ಗಾಂಧಿ 1950ರ ದಶಕದಲ್ಲೇ ಧಾರವಾಡ, ಸಾಗರ, ಹಿರೇಭಾಸ್ಕರ ಅಣೆಕಟ್ಟಿನ ಸುತ್ತಲ ಸಿಹಿನೀರಿನ ಡಯಾಟಮ್‌ಗಳನ್ನು ಚಿತ್ರ ಸಮೇತ ದಾಖಲಿಸಿದರು. ಸಾಗರದ ಬಗೆಗಿನ ಲೇಖನ 1959ರದು. ಧಾರವಾಡದಲ್ಲಿ ಎಸ್.ಜಿ. ಭಾರತಿ, ಮೈಸೂರಿನಲ್ಲಿ ಎಸ್.ಪಿ. ಹೊಸಮನಿ ಕೆರೆಗಳ ಪಾಚಿಯನ್ನು ಮಾಲಿನ್ಯದ ಸೂಚಕವಾಗಿ ಓದಿದರು. ಕಪಿಲೆಗೆ ನೇರವಾಗಿ ಸಂಬಂಧಿಸಿದ್ದು ಆರ್.ಕೆ. ಸೋಮಶೇಖರ್ ಮತ್ತು ಎಸ್.ಎನ್. ರಾಮಸ್ವಾಮಿ ಅವರ ಕೆಲಸ. ಕಪಿಲಾ ನದಿಯ ಮಾಲಿನ್ಯವನ್ನು ಜೀವಿಗಳ ಮೂಲಕ ಅಳೆದ ಅವರ ಲೇಖನ 1984ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಬೀಚನಹಳ್ಳಿ ಅಣೆಕಟ್ಟು ಬಂದು ಹತ್ತೇ ವರ್ಷ ಆಗಿದ್ದಾಗ, ನಂಜನಗೂಡಿನ ಕೈಗಾರಿಕೆ ಇಂದಿನಷ್ಟು ಹಬ್ಬುವ ಮೊದಲು, ಹೊಳೆಯ ಪಾಚಿ ಹೇಗಿತ್ತು ಎಂಬುದಕ್ಕೆ ನಮ್ಮ ಕೈಯಲ್ಲಿರುವ ಬೆಲೆಬಾಳುವ ಸಾಕ್ಷ್ಯ ಅದು. ಈಚೆಗೆ ಬಿ. ಕಾರ್ತಿಕ್ ಮತ್ತವರ ಸಂಗಡಿಗರು ಪಶ್ಚಿಮಘಟ್ಟದ ತೊರೆಗಳಲ್ಲಿ ಮಾಡಿದ ಕೆಲಸ ಇನ್ನೊಂದು ಎಚ್ಚರ ಕೊಟ್ಟಿದೆ. ಜೆ.ಪಿ. ಕೊಸಿಯೊಲೆಕ್, ಎಂ.ಕೆ. ಮಹೇಶ್, ಟಿ.ವಿ. ರಾಮಚಂದ್ರ ಅವರೊಡನೆ 2011ರಲ್ಲಿ ಅವರು ಗೊಂಫೊನೀಮ ಕುಲದಲ್ಲಿ ಮೂರು ಹೊಸ ಪ್ರಭೇದಗಳನ್ನು ವಿವರಿಸಿದರು. ಅದರಲ್ಲೊಂದಕ್ಕೆ ಗಾಂಧಿಯವರ ಹೆಸರು. ನಮ್ಮ ಹೊಳೆಗಳಲ್ಲಿ ನಮ್ಮವೇ ಆದ ಡಯಾಟಮ್‌ಗಳಿವೆ. ಯೂರೋಪಿನ ಪುಸ್ತಕ ಹಿಡಿದು ಹೆಸರಿಟ್ಟು ಯೂರೋಪಿನ ಅಂಕ ಕೊಟ್ಟರೆ ಫಲಿತಾಂಶ ತಪ್ಪಬಹುದು. ವಯನಾಡಿನ ಮಳೆಕಾಡಿನಿಂದ ನೀರು ತರುವ ಕಪಿಲೆಗೆ ಈ ಎಚ್ಚರ ದುಪ್ಪಟ್ಟು ಸಲ್ಲುತ್ತದೆ.

ಸರ್ಕಾರಿ ಅಳತೆಯ ಕಡೆಗೆ ಬರೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿ ಪಾತ್ರಗಳನ್ನು ಪಟ್ಟಿಮಾಡಿದಾಗ ಕರ್ನಾಟಕದ 17 ಇದ್ದವು. ಅವುಗಳಲ್ಲಿ ಕಬಿನಿಯದು ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಪಾತ್ರ; ಕಾವೇರಿಯದೂ ಇತ್ತು. ಆ ಪಟ್ಟಿಗೆ ಆಧಾರ ಬಿಒಡಿ, ಅಂದರೆ ನೀರಿನಲ್ಲಿರುವ ಸಾವಯವ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ. ಸ್ನಾನಕ್ಕೆ ಯೋಗ್ಯವಾಗಬೇಕಾದರೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಈ ಅಳತೆ ಬೇಕೇ ಬೇಕು, ಅದನ್ನು ಅಲ್ಲಗಳೆಯುವ ಮಾತೇ ಇಲ್ಲ. ಆದರೆ ಬಾಟಲಿ ಹಿಡಿಯುವುದು ಒಂದು ಕ್ಷಣದ ನೀರನ್ನು. ನಡುರಾತ್ರಿ ಯಾರೋ ಬಿಟ್ಟ ತ್ಯಾಜ್ಯ ಬೆಳಗಾಗುವಷ್ಟರಲ್ಲಿ ಮುಂದಕ್ಕೆ ಹರಿದುಹೋಗಿರುತ್ತದೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಂದ ದಿನ ಎಲ್ಲವೂ ತೆಳುವಾಗಿ ಅಂಕಿ ಚೆನ್ನಾಗಿ ಕಾಣುತ್ತದೆ. ಕಲ್ಲಿಗೆ ಅಂಟಿದ ಪಾಚಿಗೆ ಓಡಿಹೋಗುವ ದಾರಿಯಿಲ್ಲ. ಕಳೆದ ಮೂರು ನಾಲ್ಕು ವಾರ ಬಂದದ್ದನ್ನೆಲ್ಲ ಅದು ಉಂಡಿದೆ, ತಾಳಿದೆ ಅಥವಾ ಸತ್ತಿದೆ. ಮಂಡಳಿಯ ಬಳಿ ಜೈವಿಕ ಅಳತೆಯೂ ಉಂಟು, ಅದು ನೀರಡಿಯ ಹುಳು, ಬಸವನಹುಳು, ಏಡಿಗಳಂಥ ಜೀವಿಗಳನ್ನು ಎಣಿಸುವಂಥದ್ದು. ಪಾಚಿಯನ್ನು ಅದಕ್ಕೆ ಜೋಡಿಸಿದರೆ ಕೊಳೆಯ ಜೊತೆಗೆ ಗೊಬ್ಬರ, ಸಾಬೂನಿನ ರಂಜಕದ ಕಥೆಯೂ ತಿಳಿಯುತ್ತದೆ, ಏಕೆಂದರೆ ಅದನ್ನು ನೇರವಾಗಿ ಹೀರುವುದು ಪಾಚಿಯೇ.

ಪೊರೆಯಿಂದ ಕೇಡೇ ಇಲ್ಲವೇ? ಇದೆ, ಮತ್ತು ಸ್ನಾನಘಟ್ಟದ ಊರುಗಳಿಗೆ ಅದು ನೇರವಾಗಿ ತಾಗುತ್ತದೆ. ಮಲಮೂಲದ ಇ. ಕೊಲೈ ಬ್ಯಾಕ್ಟೀರಿಯಾ ಹರಿಯುವ ನೀರಿನಲ್ಲಿ ಬೇಗ ಸಾಯುತ್ತದೆ ಎಂಬುದು ಹಳೆಯ ತಿಳಿವಳಿಕೆ. ಅಮೆರಿಕದ ಮಿಷಿಗನ್ ಸರೋವರದ ದಡದಲ್ಲಿ ಕ್ಲಾಡೊಫೊರ ಎಳೆಪಾಚಿಯ ರಾಶಿಯಲ್ಲಿ ಅದು ದೀರ್ಘಕಾಲ ಬದುಕುಳಿಯುವುದನ್ನು 2003ರಲ್ಲಿ ತೋರಿಸಿದ ಮೇಲೆ ಆ ಸಮಾಧಾನ ಹೋಯಿತು. ಕಾಲರಾದ ಬ್ಯಾಕ್ಟೀರಿಯಾ ಕೂಡ ಮೇಲ್ಮೈಗಳಿಗೆ, ಅದರಲ್ಲೂ ನೀರಿನ ಸಣ್ಣ ಕಠಿಣಚರ್ಮಿಗಳ ಮೈಗೆ, ಅಂಟಿ ಬದುಕುತ್ತದೆ. ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ತಂಡ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಲು ಕಲಿಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ಅಜ್ಜಿಯರು ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದುದನ್ನು ಈ ಬೆಳಕಿನಲ್ಲಿ ಗೌರವದಿಂದ ನೋಡಬೇಕು. ಇನ್ನೊಂದು, ನ್ಯೂಜಿಲೆಂಡಿನ ಹಟ್ ನದಿಯಲ್ಲಿ 2005ರಲ್ಲಿ ಕಂಡದ್ದು: ಕಲ್ಲಿನ ಮೇಲಿನ ಕಪ್ಪು ಹಸಿರು ಚಾಪೆಯಂಥ ಸಯನೋಬ್ಯಾಕ್ಟೀರಿಯಾ ಕಿತ್ತು ದಡಕ್ಕೆ ಬಂದಾಗ ಅದನ್ನು ತಿಂದ ನಾಯಿಗಳು ನರವಿಷದಿಂದ ಸತ್ತವು. ಬೇಸಿಗೆಯ ತಗ್ಗು ನೀರು, ಬಿಸಿ, ಹೂಳು ಕೂಡಿದಾಗ ಇಂಥ ಚಾಪೆಗಳು ಬೆಳೆಯುತ್ತವೆ. ದನಕರು ನೀರು ಕುಡಿಯುವ ದಡಗಳಲ್ಲಿ ಕಪ್ಪು ಚಾಪೆ ಕಂಡರೆ ಪಶುವೈದ್ಯರಿಗೆ ತಿಳಿಸುವ ರೂಢಿಯಾಗಬೇಕು.

ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಕುಂಭಮೇಳ ನಡೆದುಬಂದಿದೆ. ಈಚಿನದು 2025ರ ಫೆಬ್ರವರಿಯಲ್ಲಿ. ನಂಜನಗೂಡಿನಲ್ಲಿ ದೊಡ್ಡ ಜಾತ್ರೆ, ಹುಣ್ಣಿಮೆ ಅಮಾವಾಸ್ಯೆಗಳ ಜನಸಾಗರ. ಭಕ್ತಿಯ ಬಗ್ಗೆ ನನಗೆ ಆಕ್ಷೇಪವಿಲ್ಲ, ಆ ನೀರಿನ ಮೇಲಿನ ಭಕ್ತಿಯೇ ಅದನ್ನು ಕಾಪಾಡಬಲ್ಲ ದೊಡ್ಡ ಶಕ್ತಿ ಎಂದು ತಿಳಿದವನು ನಾನು. ಆದರೆ ಮಿಂದು ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡುವ ಪದ್ಧತಿಯಿಂದ ಏನಾಗುತ್ತದೆ ಎಂದು ಹೇಳಲೇಬೇಕು. ಹತ್ತಿಬಟ್ಟೆಯ ಕಾಲದಲ್ಲಿ ಪೊರೆಯ ಬ್ಯಾಕ್ಟೀರಿಯಾಗಳೇ ಅದನ್ನು ಕ್ರಮೇಣ ಕರಗಿಸುತ್ತಿದ್ದವು. ಪಾಲಿಯೆಸ್ಟರ್ ಕರಗುವುದಿಲ್ಲ, ವರ್ಷಗಟ್ಟಲೆ ತಳದಲ್ಲಿ ಬಿದ್ದು, ಕಲ್ಲನ್ನು ಮುಚ್ಚಿ, ಬೆಳಕಿಲ್ಲದ ಅದರ ಮಡಿಕೆಗಳಲ್ಲಿ ಸಾಬೂನು, ಎಣ್ಣೆ, ಹೂಳು ತುಂಬಿ, ಕೊಳೆತಿನ್ನುವ ಬ್ಯಾಕ್ಟೀರಿಯಾಗಳ ಬೂದು ಲೋಳೆ ಬೆಳೆಸುತ್ತದೆ. ಗಾರಾ ಮೀನು ಮೇಯುವ ಹೊಂಬಣ್ಣದ ಪೊರೆ ಅಲ್ಲಿ ಕಟ್ಟುವುದಿಲ್ಲ. ಮರಳು ತೆಗೆಯುವುದರದೂ ಇದೇ ಬಗೆಯ ಹಾನಿ, ಇನ್ನೂ ದೊಡ್ಡ ಪ್ರಮಾಣದಲ್ಲಿ: ಮರಳಿನ ಪ್ರತಿ ಕಣದ ಮೈಮೇಲೂ ಪೊರೆಯಿರುತ್ತದೆ, ಲಾರಿ ತುಂಬ ಮರಳು ಹೋದರೆ ಹೊಳೆಯ ಸೋಸುಯಂತ್ರದ ಒಂದು ತುಂಡೇ ಹೋದ ಹಾಗೆ.

ಸೋಸುಯಂತ್ರ ಎಂದದ್ದು ಅಲಂಕಾರಕ್ಕಲ್ಲ. 1829ರಲ್ಲಿ ಲಂಡನ್ನಿನ ಚೆಲ್ಸೀ ನೀರು ಕಂಪನಿಗೆ ಜೇಮ್ಸ್ ಸಿಂಪ್ಸನ್ ಕಟ್ಟಿಕೊಟ್ಟ ನಿಧಾನ ಮರಳು ಸೋಸುವಿಕೆಯಲ್ಲಿ ನೀರನ್ನು ನಿಜವಾಗಿ ಶುದ್ಧಮಾಡುವುದು ಮರಳಿನ ಮೇಲೆ ಕಟ್ಟುವ ಜೀವಂತ ಲೋಳೆಪೊರೆ. 1892ರಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗ್‌ನಲ್ಲಿ ಕಾಲರಾಕ್ಕೆ 8,000ಕ್ಕೂ ಹೆಚ್ಚು ಜನ ಸತ್ತರು. ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಪೊರೆಯನ್ನು ಆಹಾರಕ್ಕಾಗಿ ಬೆಳೆಸುವ ವಿದ್ಯೆಯೂ ಇದೆ. ಪಶ್ಚಿಮ ಆಫ್ರಿಕದ ಬೆನಿನ್‌ನಲ್ಲಿ ಕೊಂಬೆಗಳನ್ನು ನೀರಿಗೆ ನೆಟ್ಟು ಅದಕ್ಕೆ ಅಂಟುವ ಪಾಚಿಯಿಂದ ಮೀನು ಸಾಕುವ ಕ್ರಮ ಹಳೆಯದು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಪಿ. ಕೇಶವನಾಥ್, ಎಂ.ಆರ್. ರಮೇಶ್ ಮತ್ತಿತರರು 1990ರ ದಶಕದಿಂದ ಬಿದಿರು, ಕಬ್ಬಿನ ಸಿಪ್ಪೆ, ಭತ್ತದ ಹುಲ್ಲುಗಳನ್ನು ಕೊಳದಲ್ಲಿ ಇಳಿಬಿಟ್ಟು ಪರೀಕ್ಷಿಸಿ, ರೋಹು, ಸಾಮಾನ್ಯ ಗೆಂಡೆ ಮೀನುಗಳು ಚೆನ್ನಾಗಿ ಬೆಳೆಯುವುದನ್ನು ತೋರಿಸಿದರು. ಕಬ್ಬಿನ ಸಿಪ್ಪೆಗೂ ಹುಲ್ಲಿಗೂ ನಂಜನಗೂಡು, ನರಸೀಪುರಗಳಲ್ಲಿ ಬರವಿಲ್ಲ. ಕೃಷಿಹೊಂಡ ತೋಡಿಸಿದ ರೈತರಿಗೆ, ತಿಂಡಿಗೆ ದುಡ್ಡು ಸುರಿಯುವ ಮೊದಲು ಈ ದಾರಿಯನ್ನು ತೋರಿಸಬೇಕಾಗಿತ್ತು. ಕನ್ನಡದ ಸಂಶೋಧನೆ ಕನ್ನಡದ ರೈತನಿಗೆ ಇಷ್ಟು ನಿಧಾನವಾಗಿ ತಲುಪುವುದು ನನಗೆ ಸಂಕಟದ ಸಂಗತಿ.

ಹಾಗಾದರೆ ಘಟ್ಟದ ಮೆಟ್ಟಿಲನ್ನು ಉಜ್ಜಬಾರದೇ? ಉಜ್ಜಬೇಕು. ಜನ ಕಾಲಿಡುವ ಮೆಟ್ಟಿಲನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಹಿಡಿಸರಪಳಿ ಹಾಕಿ, ಅಷ್ಟಕ್ಕೆ ನಿಲ್ಲಿಸಬೇಕು. ಬ್ಲೀಚಿಂಗ್ ಪುಡಿ ಮೆಟ್ಟಿಲಲ್ಲಿ ನಿಲ್ಲುವುದಿಲ್ಲ, ಕೆಳಗಿನ ಕಲ್ಲುಗಳಿಗೆ ಹೋಗುತ್ತದೆ. ಪೊರೆಯ ಮೇಲ್ಪದರ ಸತ್ತರೂ ಅಂಟಿನಡಿಯ ಬ್ಯಾಕ್ಟೀರಿಯಾ ಉಳಿದು ವಾರದೊಳಗೆ ಮತ್ತೆ ಜಾರು ಕಟ್ಟುತ್ತದೆ. ಜಾರು ಅತಿಯಾಗದಂತೆ ತಡೆಯುವ ನಿಜವಾದ ದಾರಿ ಮೇಲಿನಿಂದ ಬರುವ ಚರಂಡಿ ನೀರು, ಸಾಬೂನು, ಗೊಬ್ಬರಗಳನ್ನು ತಡೆಯುವುದು.

ಓದುವ ಕೆಲಸಕ್ಕೆ ದೊಡ್ಡ ಹಣ ಬೇಡ. ಹುಲ್ಲಹಳ್ಳಿ ಕಟ್ಟೆಯ ಕೆಳಗೆ, ನಂಜನಗೂಡಿನಲ್ಲಿ ಗುಂಡ್ಲುಹೊಳೆ ಸೇರುವ ಮುಂಚೆ ಮತ್ತು ಸೇರಿದ ಮೇಲೆ, ಹೆಜ್ಜಿಗೆಯ ಬಳಿ, ಸಂಗಮಕ್ಕೆ ಮುನ್ನ ಕಪಿಲೆಯಲ್ಲೊಂದು, ಕಾವೇರಿಯಲ್ಲೊಂದು, ಕೂಡಿದ ಮೇಲೆ ತಲಕಾಡಿನ ದಾರಿಯಲ್ಲೊಂದು, ಹೀಗೆ ಏಳು ಜಾಗ ಸಾಕು. ಪ್ರತಿ ಜಾಗದಲ್ಲಿ ಐದು ಕಲ್ಲು, ಎಲ್ಲವೂ ಒಂದೇ ಆಳದಲ್ಲಿ, ಒಂದೇ ಸೆಳವಿನಲ್ಲಿ, ಬಿಸಿಲು ಬೀಳುವ ಕಡೆ. ಕಲ್ಲಿಲ್ಲದ ಮರಳು ಪಾತ್ರದಲ್ಲಿ ಒರಟು ಹೆಂಚಿನ ತುಂಡನ್ನು ನಾಲ್ಕು ವಾರ ಮೊದಲೇ ಇಳಿಬಿಟ್ಟರಾಯಿತು. ಪ್ರವಾಹ ಕಳೆದು ಪೊರೆ ಬಲಿತ ಜನವರಿಯಲ್ಲಿ ಒಂದು ಸುತ್ತು, ನೀರು ಅತಿ ಕಡಿಮೆಯಿರುವ ಏಪ್ರಿಲ್‌ನಲ್ಲಿ ಇನ್ನೊಂದು. ಎರಡೂ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಿಗೆ ಇದು ಸಾಧ್ಯ. ಹೆಸರು ಗುರುತಿಸುವಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ನೆರವು ಪಡೆಯಬಹುದು. ಸ್ಲೈಡುಗಳ ಎರಡು ಪ್ರತಿ ಮಾಡಿ ಒಂದನ್ನು ಅಲ್ಲಿ, ಇನ್ನೊಂದನ್ನು ಸ್ಥಳೀಯ ಕಾಲೇಜಿನಲ್ಲಿ ದಿನಾಂಕ ಬರೆದು ಇಡಬೇಕು. ಸೋಮಶೇಖರ್, ರಾಮಸ್ವಾಮಿ ಅವರ 1984ರ ಪಟ್ಟಿಯ ಪಕ್ಕದಲ್ಲಿ ಹೊಸ ಪಟ್ಟಿಯನ್ನಿಟ್ಟು, ಯಾವ ಡಯಾಟಮ್ ಹೋಯಿತು, ಯಾವುದು ಬಂತು, ಗುಂಡ್ಲುಹೊಳೆಯ ಕೆಳಗೆ ನಿಟ್ಸ್‌ಷಿಯಾದ ಪಾಲು ಎಷ್ಟು ಏರಿತು ಎಂದು ಹೋಲಿಸುವುದು ಮೊದಲ ವರ್ಷದ ಕೆಲಸ.